ಒಂದೇ ರೋಗಿಯ ಬಿಪಿ ಮೂರು ಸಲ ನೋಡಿದರೆ ನಲ್ ಹೈಪಾಥಿಸಿಸ್ ಹೇಗೆ ಬರೆಯೋದು?

ಎಂಎಸ್ಸಿ ನರ್ಸಿಂಗ್ ಮಾಡ್ತಿದ್ದೇನೆ. ಬಿಪಿ ಇರುವ 40 ಜನರಿಗೆ ನಿಧಾನ ಉಸಿರಾಟ ಹೇಳಿಕೊಟ್ಟು ಶುರುವಿನಲ್ಲಿ, 4ನೇ ವಾರ, 8ನೇ ವಾರ ಬಿಪಿ ನೋಡಬೇಕು. ಸಂಶೋಧನಾ ಯೋಜನೆಯ ಸಿನಾಪ್ಸಿಸ್‌ನಲ್ಲಿ ನಲ್ (ವ್ಯತ್ಯಾಸವೇ ಇಲ್ಲ ಎಂದು ಇಟ್ಟುಕೊಂಡು ಪರೀಕ್ಷಿಸುವ ಊಹೆ) ಆಗಿ "ಅಭ್ಯಾಸದಿಂದ ಬಿಪಿ ಮೇಲೆ ಪರಿಣಾಮ ಇರುವುದಿಲ್ಲ" ಎಂದು ಬರೆದಿದ್ದೆ. ಗೈಡ್ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಅನುಭವ ಇರುವವರು ಹೇಳ್ತೀರಾ?

ಫಿಸಿಯೋಥೆರಪಿ ಮುಗಿಸಿದವಳು: ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ಮಂಡಿನೋವನ್ನು ಮೂರು ಸಲ ಅಳೆದು, ನಲ್‌ನಲ್ಲಿ ಮಾತ್ರ "ಮೊದಲು ಮತ್ತು ನಂತರ" ಎಂದು ಬರೆದಿದ್ದೆ. ವೈವಾದಲ್ಲಿ "ನಂತರ ಅಂದ್ರೆ ಯಾವತ್ತಮ್ಮಾ?" ಎಂದು ಕೇಳಿದರು. ಬಾಯಿ ಕಟ್ಟಿಹೋಯಿತು. ನೀವು ಹೀಗೆ ಬರೆಯಿರಿ: "ಬಿಪಿ ಇರುವವರಲ್ಲಿ ಶುರುವಿನ, 4ನೇ ವಾರದ ಮತ್ತು 8ನೇ ವಾರದ ಸರಾಸರಿ ಸಿಸ್ಟೋಲಿಕ್ ಬಿಪಿ ಒಂದೇ." ಡಯಾಸ್ಟೋಲಿಕ್‌ಗೆ ಬೇರೆ ವಾಕ್ಯ. ಇದಕ್ಕೆ ಎದುರಿನ ಹೈಪಾಥಿಸಿಸ್ "ಮೂರೂ ಬೇರೆ ಬೇರೆ" ಅಲ್ಲ. "ಒಂದಾದರೂ ಬೇರೆ" ಅಷ್ಟೇ.

ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವನು: ಮೇಲಿನ ವಾಕ್ಯ ಸರಿಯಾಗಿದೆ. "ಬಿಪಿ ಇರುವವರಲ್ಲಿ" ಅಂದದ್ದು ಮುಖ್ಯ. ನಲ್ ನಿಮ್ಮ 40 ಜನರ ಬಗ್ಗೆ ಅಲ್ಲ, ಅವರು ಯಾರ ಪರವಾಗಿ ಬಂದಿದ್ದಾರೋ ಆ ಇಡೀ ಜನರ ಬಗ್ಗೆ. ಅದಕ್ಕೇ "ಸಿಗ್ನಿಫಿಕೆಂಟ್ ವ್ಯತ್ಯಾಸ ಇಲ್ಲ" ಅನ್ನೋದೂ ನನಗೆ ಒಗ್ಗುವುದಿಲ್ಲ. ಸಿಗ್ನಿಫಿಕೆಂಟ್ ಅನ್ನೋದು ಸ್ಯಾಂಪಲ್ ನೋಡಿ ಹೇಳುವ ಮಾತು. ಆದರೆ ಗೈಡ್ ಹಟ ಹಿಡಿದರೆ ಸೇರಿಸಿಬಿಡಿ, ಅದಕ್ಕೆ ಜಗಳ ಬೇಡ!

ಮೂರು ಜೋಡಿಗೆ ಮೂರು ಪೇರ್ಡ್ ಟಿ ಟೆಸ್ಟ್ (ಅದೇ ಜನರ ಎರಡು ಅಳತೆ ಹೋಲಿಸುವ ಪರೀಕ್ಷೆ) ಮಾಡಬೇಡಿ. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪಿನ ಸಾಧ್ಯತೆ ಶೇ. 5 ಇರಬೇಕಾದದ್ದು ಶೇ. 14ರ ಹತ್ತಿರ ಹೋಗಬಹುದು. ಮೊದಲು ರಿಪೀಟೆಡ್ ಮೆಷರ್ಸ್ ಅನೋವಾ (ಮೂರೂ ಅಳತೆಗಳನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ), ಆಮೇಲೆ ಜೋಡಿ ಜೋಡಿಯಾಗಿ ನೋಡುವಾಗ ಆ ತಪ್ಪು ಹೆಚ್ಚದಂತೆ ಬಾನ್‌ಫೆರೋನಿ ತಿದ್ದುಪಡಿ.

ಇನ್ನೊಂದು ಮಾತು. ಕಂಟ್ರೋಲ್ ಗುಂಪು (ಉಸಿರಾಟ ಹೇಳಿಕೊಡದ, ಹೋಲಿಕೆಗೆ ಇಟ್ಟ ಗುಂಪು) ಇದೆಯಾ? ಬಿಪಿ ಜಾಸ್ತಿ ಇದ್ದ ದಿನ ನೋಡಿ ಆರಿಸಿದವರಿಗೆ, ಏನೂ ಮಾಡದಿದ್ದರೂ ಮುಂದಿನ ಸಲ ಸರಾಸರಿಯಲ್ಲಿ ಸ್ವಲ್ಪ ಇಳಿಯುವ ಸಾಧ್ಯತೆ ಹೆಚ್ಚು. ಆಗ "ಮೂರೂ ಸಲ ಒಂದೇ" ಅನ್ನುವ ನಲ್ ಬಿದ್ದುಹೋದರೂ ಉಸಿರಾಟಕ್ಕೆ ಹೆಸರು ಕೊಡುವ ಹಾಗಿಲ್ಲ. ಎರಡು ಗುಂಪು ಇದ್ದರೆ ನಿಮಗೆ ಬೇಕಾದದ್ದು ಇಂಟರಾಕ್ಷನ್ ನಲ್: "ಮೂರು ಅಳತೆಗಳ ನಡುವೆ ಸರಾಸರಿ ಬಿಪಿ ಬದಲಾಗುವ ರೀತಿ ಎರಡೂ ಗುಂಪಿನಲ್ಲಿ ಒಂದೇ."

ಕಮ್ಯುನಿಟಿ ಹೆಲ್ತ್‌ನವನು: ಎಸ್‌ಪಿಎಸ್‌ಎಸ್‌ನಲ್ಲಿ (ಲೆಕ್ಕ ಹಾಕುವ ಸಾಫ್ಟ್‌ವೇರ್) ಮಾಕ್ಲಿ ಪರೀಕ್ಷೆಯ ಟೇಬಲ್ ಅನೋವಾದ ಮುಖ್ಯ ಟೇಬಲ್‌ಗಿಂತ ಮೊದಲೇ ಬರುತ್ತದೆ. ಅದರ ಪಿ ವ್ಯಾಲ್ಯೂ ನೋಡಿ ನಾನು "ನಲ್ ರಿಜೆಕ್ಟ್" ಎಂದು ಕುಣಿದಿದ್ದೆ. ಅದರ ನಲ್ಲೇ ಬೇರೆ. ಯಾವ ಎರಡು ಸಲದ ಅಳತೆ ಹಿಡಿದರೂ ಅವುಗಳ ವ್ಯತ್ಯಾಸದ ವೇರಿಯನ್ಸ್ (ಹರಡುವಿಕೆ) ಸಮ ಅನ್ನೋದು. ಅದು ಬಿದ್ದರೆ ಅನೋವಾ ಟೇಬಲ್‌ನಲ್ಲಿ ತಿದ್ದಿದ ಲೆಕ್ಕ ಇರುವ ಗ್ರೀನ್‌ಹೌಸ್-ಗೈಸರ್ ಸಾಲು ಓದಬೇಕು. ಮತ್ತೆ, 8ನೇ ವಾರ ಬಾರದವರ ಮೊದಲೆರಡು ಅಳತೆಯನ್ನೂ ಈ ಅನೋವಾ ಬಿಟ್ಟುಬಿಡುತ್ತದೆ. ನನಗೆ ಹಾಗೆ 7 ಜನ ಹೋದರು. ಅನೋವಾ ಬದಲು ಮಿಕ್ಸೆಡ್ ಮಾಡೆಲ್ ಅನ್ನುವ ವಿಧಾನ ಬಳಸಿದರೆ ಅವರ ಇದ್ದ ಅಳತೆ ಉಳಿಯುತ್ತದೆ, ನಲ್ ಬದಲಿಸಬೇಕಿಲ್ಲ.

ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗೈಡ್ ಟಿಕ್ ಹಾಕಿದರು. ಕಂಟ್ರೋಲ್ ಗುಂಪಿಗೆ ಇನ್ನೂ 40 ಜನರನ್ನು ಎಲ್ಲಿಂದ ತರಲಿ ಅನ್ನೋದೇ ಈಗ ಚಿಂತೆ.