ಕೊನೆಗಾಲದ ಆರೈಕೆ: ದೇಶಗಳನ್ನು ಹೋಲಿಸೋದು ಹೇಗೆ?

ಪ್ರಶ್ನೆ: ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಬೇರೆ ಬೇರೆ ದೇಶಗಳಲ್ಲಿ ಹೇಗೆ ಬೆಳೆಯಿತು ಅಂತ ಓದುತ್ತಿದ್ದೇನೆ. ಸುಮ್ನೆ ಹಾಸ್ಪಿಸ್‌ಗಳನ್ನು, ಅಂದ್ರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಕೇಂದ್ರಗಳನ್ನು, ಎಣಿಸಿದರೆ ಸಾಕಾ?

ಉತ್ತರ 1: ಸಾಲದು. ಕಟ್ಟಡ ಇದ್ದು, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಸಿಗದಿದ್ದರೆ ಏನು ಬಂತು? ಮೊದಲು ಔಷಧಿ ಕಾನೂನು ನೋಡಿ. ಉಗಾಂಡದಲ್ಲಿ ಮಾರ್ಫಿನ್ ಪುಡಿಯನ್ನು ನೀರಲ್ಲಿ ಕಲಸಿ ಬಾಟಲಿಗೆ ತುಂಬಿ ಕೊಡುತ್ತಾರೆ, ಡಾಕ್ಟರುಗಳು ಕಡಿಮೆ ಅಂತ 2004ರಲ್ಲಿ ತರಬೇತಿ ಪಡೆದ ನರ್ಸ್‌ಗಳೇ ಅದನ್ನು ಬರೆದುಕೊಡಬಹುದು ಎಂದು ಕಾನೂನನ್ನೇ ಬದಲಿಸಿದರು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅದರ ಬಿಗಿ ನಿಯಮಗಳಿಂದಾಗಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂದವು. ತಿದ್ದುಪಡಿ ಆಗಿದ್ದು 2014ರಲ್ಲಿ!

ಉತ್ತರ 2: ಯಾರು ಶುರು ಮಾಡಿದರು ಅನ್ನೋದೂ ಮುಖ್ಯ ಅಲ್ವಾ. ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಡಾಕ್ಟರು ಒಂದು ಹಾಸ್ಪಿಸ್ ತೆರೆದರು. ಕೇರಳದಲ್ಲಿ ಸ್ವಯಂಸೇವಕರು ಮನೆಮನೆಗೆ ಹೋದರು, ಸರ್ಕಾರದ ನೀತಿ ಬಂದಿದ್ದು ಆಮೇಲೆ, 2008ರಲ್ಲಿ.

ಪ್ರಶ್ನೆ ಕೇಳಿದವರು: ಸರಿ, ಕಾನೂನಿಂದಲೇ ಶುರು ಮಾಡ್ತೀನಿ.

ಉತ್ತರ 1: ಮಾಡಿ. ಕಾಗದದ ಮೇಲಿನ ನೀತಿಯನ್ನು ಜಾಸ್ತಿ ನಂಬಬೇಡಿ.