ರಾತ್ರಿ ಎದೆಯುರಿ: ಮಾತ್ರೆ ತಗೊಂಡರೂ ಕಡಿಮೆಯಾಗುತ್ತಿಲ್ಲ

ಪ್ರಶ್ನೆ: ಹಗಲಲ್ಲಿ ಅಷ್ಟೇನೂ ತೊಂದರೆ ಇಲ್ಲ. ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೇ ಎದೆ ಉರಿ ಶುರು, ಹುಳಿ ನೀರು ಗಂಟಲಿಗೇ ಬರುತ್ತದೆ. ಡಾಕ್ಟರು ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದಾರೆ. ಊಟ ಆದಮೇಲೆ, ಮಲಗುವಾಗ ತಗೊಳ್ಳುತ್ತೇನೆ. ಮೂರು ದಿಂಬು ಇಟ್ಟುಕೊಂಡರೂ ಪ್ರಯೋಜನ ಇಲ್ಲ. ಡೋಸ್ ಜಾಸ್ತಿ ಮಾಡಲಾ?

ಉತ್ತರ: ನೀವಾಗಿಯೇ ಡೋಸ್ ಜಾಸ್ತಿ ಮಾಡಬೇಡಿ. ಮಾತ್ರೆ ತಗೊಳ್ಳುವ ಹೊತ್ತು ಸರಿಯಿಲ್ಲ ಅನಿಸುತ್ತದೆ. ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ. ಆಮ್ಲ ಸುರಿಸುವ ಪಂಪ್‌ಗಳನ್ನು ತಡೆಯುವುದು ಇದರ ಕೆಲಸ. ಆ ಪಂಪ್‌ಗಳು ಚುರುಕಾಗುವುದು ಊಟ ಹೊಟ್ಟೆಗೆ ಬಿದ್ದಾಗ. ಅಷ್ಟರೊಳಗೆ ಔಷಧಿ ರಕ್ತ ಸೇರಿರಬೇಕು. ಅದಕ್ಕೇ ಊಟಕ್ಕೆ 30ರಿಂದ 60 ನಿಮಿಷ ಮುಂಚೆ ತಗೊಳ್ಳಬೇಕು. ಬೆಳಿಗ್ಗೆಯೋ ರಾತ್ರಿಯೋ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು.

ದಿಂಬಿನ ವಿಷಯ. ಪೇರಿಸಿದರೆ ತಲೆ, ಕತ್ತು ಮಾತ್ರ ಮೇಲೇಳುತ್ತದೆ. ನಡು ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಉರಿ ಇನ್ನೂ ಜಾಸ್ತಿ ಆಗಬಹುದು. ಬದಲಿಗೆ ಮಂಚದ ತಲೆಕಡೆಯ ಎರಡೂ ಕಾಲಿನ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡು ಕೊಡಿ. ಜಾರದ ಹಾಗೆ ನೋಡಿಕೊಳ್ಳಿ. ಆಗ ಇಡೀ ಮೈ ಇಳಿಜಾರಾಗುತ್ತದೆ. ಎಡಮಗ್ಗುಲಲ್ಲಿ ಮಲಗಿ. ಹಾಗೆ ಮಲಗಿದಾಗ ಹೊಟ್ಟೆ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಆಮ್ಲ ಸುಲಭಕ್ಕೆ ಮೇಲೆ ಬರುವುದಿಲ್ಲ. ಊಟಕ್ಕೂ ನಿದ್ದೆಗೂ ನಡುವೆ 3 ಗಂಟೆ ಬಿಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ.

ಪ್ರಶ್ನೆ: ಧನ್ಯವಾದ. ಹೊತ್ತಿನ ವಿಷಯ ಯಾರೂ ಹೇಳಿರಲಿಲ್ಲ. ನಡುರಾತ್ರಿ ಉರಿ ಎದ್ದರೆ ಏನು ಮಾಡಲಿ? ಕಾಫಿ, ಖಾರ ಎಲ್ಲ ಬಿಡಬೇಕಾ?

ಉತ್ತರ: ಎದ್ದು ಕೂತುಕೊಳ್ಳಿ. ಆಂಟಾಸಿಡ್, ಅಂದರೆ ಹೊಟ್ಟೆಯಲ್ಲಿರುವ ಆಮ್ಲವನ್ನು ತಣಿಸುವ ಔಷಧಿ, ಬೇಗ ಆರಾಮ ಕೊಡುತ್ತದೆ, ಆದರೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕೆಲವು ಔಷಧಿಗಳು ಮೈಗೆ ಹತ್ತದ ಹಾಗೆ ಅದು ಮಾಡುತ್ತದೆ. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಎಷ್ಟು ಅಂತರ ಬೇಕೆಂದು ಔಷಧಿ ಅಂಗಡಿಯಲ್ಲಿ ಕೇಳಿ.

ಎಲ್ಲವನ್ನೂ ಸುಮ್ನೆ ಬಿಡಬೇಡಿ. ಯಾವುದು ತಿಂದ ರಾತ್ರಿ ಉರಿ ಬಂತು ಅಂತ ಬರೆದಿಡಿ, ಅದನ್ನಷ್ಟೇ ಬಿಡಿ. ಸಿಗರೇಟ್ ಇದ್ದರೆ ಮಾತ್ರ ಯೋಚನೆಯೇ ಬೇಡ, ಬಿಟ್ಟುಬಿಡಿ. ಹೊಟ್ಟೆಯ ಸುತ್ತ ತೂಕ ಜಾಸ್ತಿ ಇದ್ದರೆ ಅದು ಇಳಿದಷ್ಟೂ ಒಳ್ಳೆಯದು.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಬೇಗ ಡಾಕ್ಟರನ್ನು ನೋಡಿ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತಾಗಿ ನೋವು ಕೈಗೋ ದವಡೆಗೋ ಹರಡಿದರೆ, ಬೆವರು ಬಂದರೆ, ಅದನ್ನು ಆಸಿಡಿಟಿ ಅಂದುಕೊಂಡು ಕಾಯಬೇಡಿ. ಆಂಬ್ಯುಲೆನ್ಸ್ ಕರೆಸಿ.