ಐತಿಹಾಸಿಕ ಕಥಾಸ್ಪರ್ಧೆಗೆ ಮೊದಲ ಸಲ ಕಳಿಸುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಕುಂಬಳೆ ಹತ್ತಿರದಿಂದ, ಕೇಳಿದವರು

ನಮಸ್ಕಾರ. ಊರಿನ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು 19 ವರ್ಷ ಆಯಿತು. ಲೆಕ್ಕ ಬಿಟ್ಟು ಬೇರೇನೂ ಬರೆದವಳಲ್ಲ. ಈಗ ಒಂದು ಕಥಾಸ್ಪರ್ಧೆಯ ಪ್ರಕಟಣೆ ನೋಡಿ ಆಸೆ ಹುಟ್ಟಿದೆ. ಐತಿಹಾಸಿಕ ಸಣ್ಣಕಥೆ ಆಗಬೇಕು. ಕನಿಷ್ಠ 50 ವರ್ಷ ಹಿಂದೆ ನಡೆದದ್ದಾಗಿರಬೇಕು. 2500 ಪದ ಮೀರಬಾರದು. ಪ್ರವೇಶ ಶುಲ್ಕ 200 ರೂಪಾಯಿ. ಕೊನೆಯ ದಿನಕ್ಕೆ ಇನ್ನು ಐದು ವಾರ ಇದೆ.

ಬೇಕಲ ಕೋಟೆ ಕಟ್ಟಿಸುವ ಕಥೆ ಅಂತ ಶುರು ಮಾಡಿದೆ. ಶಿವಪ್ಪ ನಾಯಕ ಬಂದ, ಸೈನ್ಯ ಬಂತು, ಒಬ್ಬ ಗೂಢಚಾರನೂ ಬಂದ. 6000 ಪದ ಆಯಿತು, ಕೋಟೆಗೆ ಇನ್ನೂ ಅಡಿಪಾಯ ಬಿದ್ದಿಲ್ಲ. ಇತಿಹಾಸ ಎಷ್ಟು ಹಾಕಬೇಕು? ಪಾತ್ರಗಳು ಯಾವ ಭಾಷೆಯಲ್ಲಿ ಮಾತಾಡಬೇಕು? ದುಡ್ಡು ಕಟ್ಟಿ ಕಥೆ ಕಳಿಸುವುದು ಸರಿಯಾ? ಬಲ್ಲವರು ಹೇಳಿ.

ಮಂಜೇಶ್ವರದಿಂದ, ನಿವೃತ್ತ ಮಾಷ್ಟ್ರು

ನಿಮ್ಮ ಕಥೆಯನ್ನು ನಾನೂ ಒಮ್ಮೆ ಬರೆದಿದ್ದೆ. ಅದೇ ಬೇಕಲ, ಅದೇ ನಾಯಕ, ಅದೇ 1650ರ ಸುಮಾರು. ಅವನನ್ನು ಬುರುಜಿನ ಮೇಲೆ ನಿಲ್ಲಿಸಿ, ಸಮುದ್ರಕ್ಕೆ ಮುಖ ಮಾಡಿಸಿ, ಒಂದೂವರೆ ಪುಟ ಭಾಷಣ ಮಾಡಿಸಿದೆ. ಬಹುಮಾನ ಬರಲಿಲ್ಲ. ಸ್ವಲ್ಪ ಸಮಯ ಕಳೆದು ತೀರ್ಪುಗಾರರೊಬ್ಬರು ಮದುವೆ ಊಟದಲ್ಲಿ ಸಿಕ್ಕಿದರು. "ಭಾಷಣ ಲಾಯ್ಕಿತ್ತು ಮಾಷ್ಟ್ರೇ. ಕೇಳುತ್ತಿದ್ದವರು ಯಾರು?" ಅಂದರು. ನೆನಪು ಮಾಡಿ ನೋಡಿದೆ. ಬುರುಜಿನ ಮೇಲೆ ನಾಯಕ ಒಬ್ಬನೇ ಇದ್ದ.

2500 ಪದದೊಳಗೆ ಒಬ್ಬ ಮನುಷ್ಯ, ಅವನದೊಂದು ಕಷ್ಟ, ಒಂದೋ ಎರಡೋ ದಿನ, ಇಷ್ಟು ಹಿಡಿಯುತ್ತದೆ. ಕೋಟೆ ಹಿಡಿಯುವುದಿಲ್ಲ. ರಾಜ ಬೇಕಿದ್ದರೆ ದೂರದಲ್ಲಿರಲಿ. ಅವನ ಸುಂಕದವ ಬಂದರೆ ಸಾಕು.

ಕುಂಬಳೆಯವರು ನೀವು, ಬೇಕಲಕ್ಕೆ ಯಾಕೆ ಹೋದಿರಿ? 1514ರ ಹೊತ್ತಿಗೆ ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸರವ ನಿಮ್ಮೂರಿನ ಬಗ್ಗೆ ಬರೆದಿಟ್ಟಿದ್ದಾನೆ. ಇಲ್ಲಿಂದ ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತಂತೆ, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತಂತೆ. ತೆಂಗಿನ ತೋಟದ ನಡುವೆ ಕೂತವರು ನಾರನ್ನು ಸಮುದ್ರದಾಚೆಯಿಂದ ತರಿಸುತ್ತಿದ್ದರು ಅಂದರೆ ನನಗೆ ಈಗಲೂ ಸೋಜಿಗ. ಈಗ ಹಡಗು ನಿಲ್ಲುವ ಆ ದಕ್ಕೆಯನ್ನು ಕಣ್ಣಮುಂದೆ ತನ್ನಿ. ಬೈಹುಲ್ಲಿನಲ್ಲಿ ಸುತ್ತಿ ಕಟ್ಟಿದ ಅಕ್ಕಿಮುಡಿ ಹೇರುತ್ತಿದ್ದಾರೆ. ಒಬ್ಬ ಎಣಿಸುತ್ತಿದ್ದಾನೆ. ಒಂದು ಮುಡಿ ಕಡಿಮೆ ಬರುತ್ತದೆ.

ಲೆಕ್ಕದಲ್ಲಿ ಒಂದು ಕಡಿಮೆ ಬಂದಾಗ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ನಿಮಗೆ ಬೇರೆಯವರು ಹೇಳಿಕೊಡಬೇಕಾ? ಅದನ್ನು ಬರೆಯಿರಿ. ಗೂಢಚಾರನನ್ನು ಮನೆಗೆ ಕಳಿಸಿಬಿಡಿ.

ಬದಿಯಡ್ಕದಿಂದ

ಮಾಷ್ಟ್ರು ಹೇಳಿದ್ದು ಸರಿ. ನಾನು ಭಾಷೆಯ ಪ್ರಶ್ನೆಗೆ ಬರುತ್ತೇನೆ, ಕಾಸರಗೋಡಿನವರಿಗೆ ನಿಜವಾದ ತಲೆನೋವು ಅದೇ ಅಲ್ವಾ. ನಮ್ಮ ಮನೆಯಲ್ಲಿ ಹವ್ಯಕ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. 500 ವರ್ಷ ಹಿಂದಿನ ದಕ್ಕೆಯಲ್ಲಿ ಇನ್ನೂ ಜಾಸ್ತಿ ಭಾಷೆಗಳು ಇದ್ದಿರಬೇಕು.

ನಾನು 1956ರ ನವೆಂಬರ್ 1ರ ಮೇಲೆ ಒಂದು ಕಥೆ ಬರೆದೆ. ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಾವು ಬೆಳಗಾಗುವಾಗ ಕೇರಳದಲ್ಲಿದ್ದೆವು. ಕಥೆಯಲ್ಲಿ ಒಬ್ಬ ಅಜ್ಜಿ ತುಳುವಿನಲ್ಲೇ ಮಾತಾಡುತ್ತಾಳೆ. ಪ್ರತಿ ಮಾತಿಗೂ ಆವರಣದಲ್ಲಿ ಅರ್ಥ ಕೊಟ್ಟಿದ್ದೆ. ಓದಿದ ಗೆಳತಿ, "ಅಜ್ಜಿ ಒಮ್ಮೆ ಮಾತಾಡಿದರೆ ಎರಡು ಸಲ ಕೇಳಿಸುತ್ತದೆ ಮಾರಾಯ್ತಿ" ಅಂದಳು. ಎಲ್ಲ ಕಿತ್ತೆ. ಮಾತು ಸಾದಾ ಕನ್ನಡಕ್ಕೆ ತಂದೆ. ಅಜ್ಜಿಯ ಬಾಯಲ್ಲಿ ಎರಡೇ ಎರಡು ತುಳು ಪದ ಉಳಿಸಿದೆ. ಅರ್ಥ ಅವಳ ಕೈಯಲ್ಲಿರುವ ವಸ್ತುವಿನಿಂದಲೇ ತಿಳಿಯುತ್ತಿತ್ತು.

ಇನ್ನೊಂದು ಅಪಾಯ. ನೀವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು. ಹಳೆ ಕಾಲ ಅಂದ ಕೂಡಲೇ ಬಾಯಿಗೆ ತಾಳಮದ್ದಳೆಯ ಅರ್ಥಗಾರಿಕೆ ಬಂದುಬಿಡುತ್ತದೆ. "ಎಲೈ ವರ್ತಕನೇ, ಕೇಳುವಂಥವನಾಗು" ಅಂತ ಮುಡಿ ಹೊರುವವ ಹೇಳುವುದಿಲ್ಲ. "ಒಂದು ಕಡಿಮೆ ಉಂಟಲ್ಲ" ಅನ್ನುತ್ತಾನೆ. ಅಷ್ಟೇ ಸಾಕು, ಕಾಲ ಹಳೆಯದಾಗುವುದು ಮಾತಿನಿಂದ ಅಲ್ಲ.

ಕಾಸರಗೋಡು ಪೇಟೆಯಿಂದ

ನನ್ನದು ಬರೀ ತಪ್ಪುಗಳ ಪಟ್ಟಿ. ಎಲ್ಲವೂ ನಾನೇ ಮಾಡಿದವು.

ಹೈದರನ ಕಾಲದ ಕಥೆಯಲ್ಲಿ ಒಬ್ಬ ಕನ್ನಡ ಪತ್ರಿಕೆ ಓದುತ್ತಾನೆ. ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ ಬಂದದ್ದು 1843ರಲ್ಲಿ. 1890ರ ಕಥೆಯಲ್ಲಿ ನಾಯಕಿ ಮಂಗಳೂರಿಗೆ ರೈಲು ಹತ್ತುತ್ತಾಳೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಪಾಪ, 17 ವರ್ಷ ಸ್ಟೇಷನ್ನಿನಲ್ಲಿ ಕಾದಿರಬೇಕು ಅವಳು. 1940ರ ಅಂಗಡಿಯಲ್ಲಿ ಒಬ್ಬ 50 ಪೈಸೆ ಕೊಡುತ್ತಾನೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅವನು ಎಂಟಾಣೆ ಕೊಡಬೇಕಿತ್ತು.

ಅಡುಗೆ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿಬೀಳುತ್ತೇವೆ. ನಿಮ್ಮ 1514ರ ಕಥೆಯಲ್ಲಿ ಯಾರೂ ಒಣಮೆಣಸು ಅರೆಯಬಾರದು. ಅದು ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಸಾಮಾನು, ಇಲ್ಲಿ ಮನೆಮನೆಗೆ ಸೇರಲು ಸಮಯ ಹಿಡಿಯಿತು. ಆಗ ಖಾರ ಅಂದರೆ ಒಳ್ಳೆಮೆಣಸು, ತುಳುವಿನವರ ಎಡ್ಡೆಮುಂಚಿ. ಆಗ ಅದಕ್ಕೆ 'ಒಳ್ಳೆ' ಅಂತ ಸೇರಿಸಬೇಕಾದ ಅಗತ್ಯವೇ ಇರಲಿಲ್ಲವೋ ಏನೋ, ಪೈಪೋಟಿಗೆ ಇನ್ನೊಂದು ಮೆಣಸೇ ಇಲ್ಲವಲ್ಲ! ಟೊಮೆಟೊ, ಬಟಾಟೆ, ಗೇರು, ಚಹಾ ಯಾವುದೂ ಬೇಡ. ಬೆಂಕಿಪೆಟ್ಟಿಗೆಯಂತೂ ಬೇಡವೇ ಬೇಡ. ಒಲೆಯ ಕೆಂಡ ಪಕ್ಕದ ಮನೆಯಿಂದ ತರಲಿ. ಹಾಗೆ ತರುವಾಗ ಸಿಗುವ ಮಾತುಕತೆ ನಿಮಗೆ ಲಾಭ.

ಅಕ್ಕಲಕೋಟೆಯಿಂದ, ಈಗ ಸೊಲ್ಲಾಪುರದಲ್ಲಿ

ಎಲ್ಲರೂ ಪುಸ್ತಕ, ಇಸವಿ ಅಂತೀರಿ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರ ಹತ್ತಿರ ಕೂತುಕೊಳ್ಳಿ ಅಕ್ಕಾ. ಸ್ಪರ್ಧೆ 50 ವರ್ಷ ಅಂದಿದೆ ಅಂದರೆ ನಿಮಗೆ ಬಾಗಿಲು ದೊಡ್ಡದೇ ತೆರೆದಿದೆ. ಇಂಗ್ಲಿಷಿನ ವಾಲ್ಟರ್ ಸ್ಕಾಟ್ ಪ್ರಶಸ್ತಿಗೆ ಕಥೆಯ ಹೆಚ್ಚಿನ ಭಾಗ 60 ವರ್ಷ ಹಿಂದಿನದಾಗಿರಬೇಕು. ಒಂದೊಂದು ಕಡೆ ಒಂದೊಂದು ಗೆರೆ. ನಿಯಮದ ಹಾಳೆ ನೋಡಿಯೇ ಕಾಲ ಆರಿಸಿ.

ನಮ್ಮ ಮುತ್ಯಾ ಸೊಲ್ಲಾಪುರದ ಮಿಲ್ಲಿನಲ್ಲಿ ಕೂಲಿ. 1930ರ ಮೇ ತಿಂಗಳಲ್ಲಿ ಇಲ್ಲಿ ಲಷ್ಕರಿ ಕಾಯ್ದೆ ಬಂತು. ಮುಂದೆ 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಶನ್ ಸಾರಡಾ, ಜಗನ್ನಾಥ ಶಿಂದೆ, ಈ ನಾಲ್ವರನ್ನು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಊರಿನ ನಡುವೆ ಅವರ ಪುತ್ಥಳಿಗಳಿವೆ. ನಾನು ಮೊದಲು ಆ ನಾಲ್ವರ ಬಾಯಿಗೇ ಮಾತು ಕೊಟ್ಟು ಕಥೆ ಬರೆದೆ. ಬರೆದು ಮುಗಿಸಿದ ಮೇಲೆ ಅಂಜಿಕೆ ಆಯಿತು. ಗಲ್ಲಿಗೆ ಹೋದ ಮನುಷ್ಯ ಕೊನೆಯ ರಾತ್ರಿ ಏನು ಅಂದ ಅಂತ ಹೇಳಲು ನಾನ್ಯಾರು? ಅವರ ಮನೆತನದವರು ಓದಿದರೆ?

ಮುತ್ಯಾ ಒಂದು ಮಾತು ಹೇಳುತ್ತಿದ್ದರು. ಮಿಲ್ಲಿನ ಭೋಂಗಾ ಕೂಗಿದರೆ ಇಡೀ ಓಣಿ ಏಳುತ್ತಿತ್ತು, ಅಜ್ಜಿ ರೊಟ್ಟಿ ತಟ್ಟುವುದು ಆ ಭೋಂಗಾದ ಲೆಕ್ಕದಲ್ಲೇ. ಗಲಾಟೆಯ ದಿನಗಳಲ್ಲಿ ಒಂದು ಮುಂಜಾನೆ ಭೋಂಗಾ ಕೂಗಲಿಲ್ಲ. ಅಜ್ಜಿ ರೊಟ್ಟಿ ತಟ್ಟುತ್ತಲೇ ಹೋದಳು, ಹಿಟ್ಟು ಮುಗಿಯುವ ತನಕ. ನಾಲ್ವರ ಕಥೆಯನ್ನು ಬದಿಗಿಟ್ಟು ಇದನ್ನು ಬರೆದೆ. ಎರಡನೇ ಬಹುಮಾನ ಬಂತು. ಹುತಾತ್ಮರ ಹೆಸರು ಅದರಲ್ಲಿ ಒಂದೇ ಒಂದು ಸಲ ಬರುತ್ತದೆ, ಅದೂ ಪಕ್ಕದ ಮನೆಯವರ ಬಾಯಲ್ಲಿ.

ಹಿಂದೂಪುರದಿಂದ

ಮೇಲಿನವರ ಮಾತಿಗೆ ಅರ್ಧ ಒಪ್ಪುತ್ತೇನೆ. ಮನೆಯ ಹಿರಿಯರ ನೆನಪು 1930ಕ್ಕೆ ಮುಟ್ಟುತ್ತದೆ, 1514ಕ್ಕೆ ಮುಟ್ಟುವುದಿಲ್ಲ. ಅಲ್ಲಿ ಬಾಯಿಮಾತು ಅಂದರೆ ಬರೀ ಐತಿಹ್ಯ. ನಮ್ಮ ಕಡೆ ಲೇಪಾಕ್ಷಿ ದೇವಸ್ಥಾನ ಇದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಅದನ್ನು ಕಟ್ಟಿಸಿದ ವಿರೂಪಣ್ಣ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದ ಎಂಬ ಕಥೆ ಎಲ್ಲರಿಗೂ ಗೊತ್ತು, ಗೋಡೆಯ ಕೆಂಪು ಕಲೆಯನ್ನೂ ತೋರಿಸುತ್ತಾರೆ. ನಾನು ಅದನ್ನೇ ಕಥೆ ಮಾಡಿ ಕಳಿಸಿದೆ. ಆ ವರ್ಷ ಅದೇ ಕಣ್ಣಿನ ಕಥೆ ಇನ್ನೂ ನಾಲ್ಕು ಜನರಿಂದ ಬಂದಿತ್ತಂತೆ. ನಿಮ್ಮ ಕಡೆ ಮಧೂರು ದೇವಸ್ಥಾನದಲ್ಲಿ ಟಿಪ್ಪು ಬಾವಿಯ ನೀರು ಕುಡಿದು ಮನಸ್ಸು ಬದಲಿಸಿದ ಎಂಬ ಮಾತಿದೆಯಲ್ಲ, ಅದೂ ಹಾಗೇ. ಎಲ್ಲರ ಕೈಯಲ್ಲೂ ಇರುವ ಕಥೆ.

ಶಾಸನ ಓದಿ. ಹೆದರಬೇಡಿ, ಅದರಲ್ಲಿ ಹೆಚ್ಚಿನದು ನಿಮ್ಮ ಬ್ಯಾಂಕಿನ ಪುಸ್ತಕದ ಹಾಗೇ ಇರುತ್ತದೆ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾತಕ್ಕೆ, ತಪ್ಪಿದರೆ ಏನು. ದಕ್ಷಿಣ ಭಾರತದ ಶಾಸನಗಳ 7ನೇ ಸಂಪುಟದಲ್ಲಿ ನಿಮ್ಮ ಹಳೆ ದಕ್ಷಿಣ ಕನ್ನಡದವು ಇವೆ, 9ರಲ್ಲಿ ನಮ್ಮ ಅನಂತಪುರದ ಕಡೆಯವು. ತುಳುನಾಡಿನ ಶಾಸನಗಳಲ್ಲಿ ಅಕ್ಕಿಯ ಲೆಕ್ಕ ಮೂಡೆಯಲ್ಲಿ, ಅಂದರೆ ಮುಡಿಯಲ್ಲಿ, ಬರುತ್ತದೆ, ದುಡ್ಡು ಗದ್ಯಾಣದಲ್ಲಿ. ಮುಡಿಗೆ 42 ಸೇರು ಅಂತ ನಿಮ್ಮ ಅಜ್ಜಂದಿರ ಕಾಲದ ಲೆಕ್ಕ ಇದೆಯಲ್ಲ, ಅದನ್ನು ಸುಮ್ನೆ ಹಿಂದಕ್ಕೆ ಎಳೆಯಬೇಡಿ. ಅಳತೆ ಹೇಳದೆ ಮುಡಿ ಅಂದರೆ ಸಾಕು.

ಹೊಸೂರಿನಿಂದ

ನಾನು ಎರಡು ವರ್ಷ ಒಂದು ಸ್ಪರ್ಧೆಯ ಮೊದಲ ಸುತ್ತಿನ ಓದುಗನಾಗಿದ್ದೆ. ಶುಲ್ಕದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನೇ ಹೇಳುತ್ತೇನೆ. 200 ರೂಪಾಯಿ ತಪ್ಪಲ್ಲ. ಆದರೆ ಕಟ್ಟುವ ಮೊದಲು ನೋಡಿ: ತೀರ್ಪುಗಾರರ ಹೆಸರು ಹೇಳಿದ್ದಾರಾ, ಹೋದ ವರ್ಷ ಗೆದ್ದವರ ಪಟ್ಟಿ ಇದೆಯಾ, ಕಥೆಯ ಹಕ್ಕು ಯಾರದ್ದು. "ಬಂದ ಎಲ್ಲ ಕಥೆಗಳ ಹಕ್ಕೂ ನಮ್ಮದು" ಅಂತ ಬರೆದಿದ್ದರೆ ಆ ಕಡೆ ತಲೆ ಹಾಕಬೇಡಿ. "ಆಯ್ಕೆಯಾದವರು ಸಂಕಲನದ 25 ಪ್ರತಿ ಕೊಳ್ಳಬೇಕು" ಅನ್ನುವವರೂ ಇದ್ದಾರೆ. ನಾನೂ ಒಮ್ಮೆ ಕೊಂಡಿದ್ದೇನೆ. ಈಗಲೂ ಅಟ್ಟದಲ್ಲಿ 22 ಇವೆ.

ಕಥೆಯ ಹಾಳೆಯಲ್ಲಿ ಹೆಸರು ಇರಬಾರದು ಅಂದರೆ ಫೈಲಿನ ಹೆಸರಿನಲ್ಲೂ ಇರಬಾರದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯುನಿಕೋಡಿಗೆ ಬದಲಿಸಿದ್ದರೆ ಪೂರ್ತಿ ಇನ್ನೊಮ್ಮೆ ಓದಿ. ಒತ್ತಕ್ಷರ, ಅರ್ಕಾವತ್ತು ಎಲ್ಲಿಗೋ ಹಾರಿರುತ್ತವೆ. ಪದಮಿತಿ ದಾಟಿದ ಕಥೆಯನ್ನು ನಾವು ಓದಿಯೂ ನೋಡುತ್ತಿರಲಿಲ್ಲ. ಕ್ರೂರ ಅನ್ನಿಸಬಹುದು, ಆದರೆ ರಾತ್ರಿ ಊಟ ಆದ ಮೇಲೆ ಕೂತು ಓದುವವರು ನಾವು.

ಇನ್ನೊಂದು ಮಾತು. ನನ್ನ ಪಾಲಿಗೆ ಬಂದ ಕಟ್ಟಿನಲ್ಲಿ ಕುದುರೆಯ ಗೊರಸಿನ ಸದ್ದಿನಿಂದ ಶುರುವಾಗುವ ಕಥೆ ಎಷ್ಟಿದ್ದವು ಗೊತ್ತಾ? ಎಣಿಸುವುದನ್ನೇ ಬಿಟ್ಟೆ. ಒಂದು ಕಥೆ ಮಾತ್ರ ಹೀಗೆ ಶುರುವಾಗಿತ್ತು: ಒಬ್ಬಳು ಗಂಡನ ಚಪ್ಪಲಿಯನ್ನು ಅಡವಿಡಲು ಹೋಗಿದ್ದಾಳೆ, ಸಾಹುಕಾರ ಒಂದೇ ಕಾಲಿನದ್ದು ಸಾಕು ಅನ್ನುತ್ತಾನೆ. ಯಾವ ಶತಮಾನ ಅಂತ ಮೂರನೇ ಪುಟದವರೆಗೆ ಗೊತ್ತಾಗಲಿಲ್ಲ. ನನಗೆ ಬೇಕೂ ಆಗಲಿಲ್ಲ.

ಕುಂಬಳೆ ಹತ್ತಿರದಿಂದ, ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ದೊಡ್ಡ ನಮಸ್ಕಾರ. ಬೇಕಲದ 6000 ಪದ ಒಂದು ಫೋಲ್ಡರಿನಲ್ಲಿ ಮಲಗಿವೆ. ಗೂಢಚಾರ ಮನೆಗೆ ಹೋದ. ಹೊಸ ಕಥೆ 2380 ಪದ. ದಕ್ಕೆಯಲ್ಲಿ ಎಣಿಸುವವನನ್ನು ಹೆಂಗಸು ಮಾಡಿದ್ದೇನೆ. ಗಂಡ ಜ್ವರದಲ್ಲಿ ಮಲಗಿದ್ದಾನೆ, ಅವನ ಬದಲು ಇವಳು ಬಂದಿದ್ದಾಳೆ. ಮೂಡೆಗೊಂದು ಕಲ್ಲು ಅಂತ ಮಡಿಲಿನಲ್ಲಿ ಹಾಕಿಕೊಳ್ಳುತ್ತಾಳೆ. ಹಡಗಿನವನ ಹತ್ತಿರ ಗಂಟು ಹಾಕಿದ ದಾರ ಇದೆ. ಎರಡೂ ಹೊಂದುವುದಿಲ್ಲ. ಬರೆಯುವಾಗ ನನ್ನ ಕೈಯೇ ಬೆವರಿತು. 2011ರಲ್ಲಿ ಒಂದು ಸಂಜೆ ನನ್ನ ಕೌಂಟರಿನಲ್ಲಿ 500 ಕಡಿಮೆ ಬಂದು, ರಾತ್ರಿ ಒಂಬತ್ತರವರೆಗೆ ಹುಡುಕಿದ್ದು ಇಡೀ ನೆನಪಾಯಿತು. ಕೊನೆಗೆ ಡ್ರಾಯರಿನ ಹಿಂದೆ ಸಿಕ್ಕಿತ್ತು. ಕಥೆಯಲ್ಲಿ ಸಿಗುವುದಿಲ್ಲ.

ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಒಂದು ಮುಡಿ ಬಿಚ್ಚಿ ಅಲ್ಲೇ ಮತ್ತೆ ಕಟ್ಟುವ ದೃಶ್ಯ ಇದೆ. ಮುಡಿ ನೋಡಿದ್ದೇನೆ, ಕಟ್ಟುವುದನ್ನು ನೋಡಿಲ್ಲ. ಹುಲ್ಲು ಮೊದಲು ಹೇಗೆ ಹರಡುತ್ತಾರೆ, ಕೈ ಎಲ್ಲಿರುತ್ತದೆ, ಹಗ್ಗ ಎಳೆಯುವಾಗ ಕಾಲು ಕೊಡುತ್ತಾರಾ? ಗೊತ್ತಿದ್ದವರು ಹೇಳಿ.

ಪೆರ್ಲದ ಹತ್ತಿರದಿಂದ

ಬರೆದು ಹೇಳಿದರೆ ತಿಳಿಯುವುದಿಲ್ಲ ಅಕ್ಕ. ನಮ್ಮ ದೊಡ್ಡಪ್ಪನಿಗೆ 84, ಕಟ್ಟಲು ಬರುತ್ತದೆ. ಸುತ್ತ ತಿರುಗಿಸಿ ತಿರುಗಿಸಿ ಕೋಲಿನಿಂದ ಬಡಿಯುತ್ತಾರೆ, ಆ ಸದ್ದು ನೀವು ಕೇಳಲೇಬೇಕು. ಬೈಹುಲ್ಲು ಅಟ್ಟದಲ್ಲಿದೆ. ಆದಿತ್ಯವಾರ ಬೆಳಿಗ್ಗೆ ಬನ್ನಿ, ಹತ್ತು ಗಂಟೆಯ ನಂತರ ಅವರಿಗೆ ನಿದ್ದೆ ಬರುತ್ತದೆ.